ಹತ್ತಿ, ಹುಳ ಮತ್ತು ನಾವು

ನಮ್ಮ ಅಬ್ಬಾ ಹತ್ತಿಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಬೆರಳಿನಿಂದ ನೋಡುತ್ತಿದ್ದುದೇ ಹೆಚ್ಚು. ಬೈಲಹೊಂಗಲದ ನಮ್ಮ ಮನೆಯ ಕಟ್ಟೆಗೆ ಯಾರಾದರೂ ಗಾದಿ ಮಾಡಿಸಲು ಹತ್ತಿ ತಂದರೆ ಚೀಲದೊಳಗೆ ಕೈ ಹಾಕಿ ಒಂದು ಚಿಟಿಕೆ ತೆಗೆಯುತ್ತಿದ್ದರು. ಎರಡೂ ಕೈಯ ಬೆರಳುಗಳ ನಡುವೆ ಅದನ್ನು ಹಿಡಿದು ಮೆಲ್ಲಗೆ ಜಗ್ಗುತ್ತಿದ್ದರು. ಎಳೆ ಬೇಗ ಬಿಟ್ಟುಕೊಂಡರೆ "ಜವಾರಿ" ಎನ್ನುತ್ತಿದ್ದರು. ಉದ್ದಕ್ಕೆ ನಯವಾಗಿ ಬಂದರೆ "ವರಲಕ್ಷ್ಮಿ" ಎನ್ನುತ್ತಿದ್ದರು. ಅವರ ಅಂದಾಜು ತಪ್ಪಿದ್ದು ನಮಗೆ ನೆನಪಿಲ್ಲ.

ನಾವು ಪಿಂಜಾರರು. ಕಮಾನಿಗೆ ಕರುಳಿನ ತಂತಿ ಬಿಗಿದು, ಅದನ್ನು ಮೀಟಿ ಮೀಟಿ ಹತ್ತಿ ಹಿಂಜುವುದು ನಮ್ಮ ಅಜ್ಜ, ಮುತ್ತಜ್ಜಂದಿರ ಕಸುಬು. ಅಬ್ಬಾನ ಕಾಲಕ್ಕೇ ಹಿಂಜುವ ಯಂತ್ರ ಬಂದಿತ್ತು, ಕಮಾನು ಗೋಡೆ ಸೇರಿತ್ತು. ಆದರೆ ಬೆರಳಿನ ಜ್ಞಾನ ಹೋಗಿರಲಿಲ್ಲ. ಒಮ್ಮೆ ಒಬ್ಬ ಗೌಡರು ಉದ್ದ ಎಳೆಯ ಹತ್ತಿ ತಂದು, "ಭಾಳ ಭಾರಿ ಹತ್ತಿ, ಇದರಾಗ ಗಾದಿ ಮಾಡು" ಎಂದರು. ಅಬ್ಬಾ ನಕ್ಕು, "ಗೌಡ್ರ, ಇದು ಅರಿವಿಗೆ ಭಾರಿ. ಹಾಸಿಗಿಗೆ ಜವಾರಿನ ಬೇಕರಿ. ಇದು ನಾಕ ದಿನದಾಗ ಚಪ್ಪಟಿ ಆಗಿ ಕುಂದರತೈತಿ" ಎಂದರು. ಗಿಡ್ಡ ಎಳೆಯ ಒರಟು ಹತ್ತಿ ಮೈಭಾರಕ್ಕೆ ಕುಸಿಯದೆ ಪುಟಿಯುತ್ತದೆ. ಮಿಲ್ಲಿನವರು ಕಡಿಮೆ ದರ ಕಟ್ಟುವ ಹತ್ತಿಗೆ ನಮ್ಮ ಮನೆಯಲ್ಲಿ ಮೊದಲ ದರ್ಜೆ. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಯಾತಕ್ಕೆ, ಎಲ್ಲಿ ಎಂದು ಕೇಳಬೇಕು ಎಂಬ ಪಾಠವನ್ನು ನಾವು ಕಲಿತದ್ದು ಆ ಕಟ್ಟೆಯ ಮೇಲೆ. ಅದು ಜೀವವಿಕಾಸದ ಮೊದಲ ಪಾಠವೂ ಹೌದೆಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಆ ಮಧ್ಯೆ ನಮ್ಮ ಮಾಮು ನಾಲ್ಕು ಎಕರೆ ಹತ್ತಿಯನ್ನೂ ಒಂದು ಜೋಡಿ ಎತ್ತನ್ನೂ ಕಳೆದುಕೊಂಡರು. ಅದರಲ್ಲಿ ನಮ್ಮದೂ ಪಾಲಿದೆ. ಈ ಬರಹ ಅದನ್ನು ಹೇಳಿಕೊಳ್ಳುವುದಕ್ಕೇ.

ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟನೆಯದಕ್ಕೆ ಕನ್ನಡ ಹೈಸ್ಕೂಲು ಸೇರಿದವರು. ಉರ್ದುವಿನಲ್ಲಿ 'ಇರ್ತಿಕಾ' ಎಂಬ ಶಬ್ದ ಕೇಳಿದ್ದೆವು, ಕನ್ನಡದಲ್ಲಿ 'ವಿಕಾಸ' ಎಂಬುದು ಸಿಕ್ಕಿತು. ಎರಡೂ ಶಬ್ದಗಳಲ್ಲಿ ಮೇಲಕ್ಕೆ ಏರುವ, ಅರಳುವ ಅರ್ಥವಿದೆ. ಹಾಗಾಗಿ ಪ್ರಾಣಿಗಳೆಲ್ಲ ಏಣಿ ಹತ್ತುತ್ತಿವೆ, ತುದಿಯಲ್ಲಿ ಮನುಷ್ಯ ಕುಳಿತಿದ್ದಾನೆ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿತು. ತರಗತಿಯಲ್ಲಿ ಆ ಪಾಠ ಬಂದ ದಿನ ಹುಡುಗರು ಒಬ್ಬರಿಗೊಬ್ಬರು ಮಂಗ ಎಂದು ಕರೆದುಕೊಂಡು ನಕ್ಕಿದ್ದಷ್ಟೇ ಆಯಿತು. ಮೊಹಲ್ಲಾದ ಹಿರಿಯರೊಬ್ಬರು, "ಪರೀಕ್ಷಾಕ್ಕ ಬರಿ, ಮನಸಿಗೆ ಹಚಗೋಬ್ಯಾಡ" ಎಂದು ಬುದ್ಧಿ ಹೇಳಿದರು. ಪಕ್ಕದ ಓಣಿಯ ಗೆಳೆಯನಿಗೆ ಅವನ ಅಜ್ಜನೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರಂತೆ. ಮಂಗನ ವಿಷಯದಲ್ಲಿ ಎರಡೂ ಓಣಿಗಳಿಗೆ ಒಮ್ಮತವಿತ್ತು. ಒಟ್ಟಿನಲ್ಲಿ ವಿಕಾಸವೆಂದರೆ ಲಕ್ಷಾಂತರ ವರ್ಷದ ಹಿಂದೆ ಎಲ್ಲೋ ನಡೆದ, ನಂಬುವುದೋ ಬಿಡುವುದೋ ಎಂಬ ಜಗಳದ ಸಂಗತಿ ಎಂದುಕೊಂಡು ನಾವು ದೊಡ್ಡವರಾದೆವು.

ಡಾರ್ವಿನ್ ತನ್ನ ದೊಡ್ಡ ಗ್ರಂಥವನ್ನು 1859ರಲ್ಲಿ ಪ್ರಕಟಿಸಿದಾಗ ಮಂಗನಿಂದ ಶುರು ಮಾಡಲಿಲ್ಲ. ಮೊದಲ ಅಧ್ಯಾಯವೇ ಸಾಕುಪ್ರಾಣಿ, ಸಾಕುಬೆಳೆಗಳದ್ದು. ಅದರಲ್ಲೂ ಪಾರಿವಾಳದ ಮಾತು ಹೆಚ್ಚು. ಆತ ಸ್ವತಃ ಪಾರಿವಾಳ ಸಾಕಿದ್ದ, ಲಂಡನ್ನಿನ ಪಾರಿವಾಳ ಸಾಕುವವರ ಕ್ಲಬ್ಬು ಸೇರಿದ್ದ. ಕತ್ತು ಉಬ್ಬಿಸುವುದು, ಬೀಸಣಿಗೆಯಂತೆ ಬಾಲ ಬಿಚ್ಚುವುದು, ಹಾರುತ್ತ ಲಾಗ ಹಾಕುವುದು ಎಲ್ಲವೂ ಒಂದೇ ಕಾಡುಪಾರಿವಾಳದಿಂದ ಮನುಷ್ಯನ ಆಯ್ಕೆಯಲ್ಲಿ ಮೂಡಿದವು ಎಂದು ತೋರಿಸಿದ. ಈ ಮಾತನ್ನು ನಮ್ಮ ಮೊಹಲ್ಲಾದ ಕಬೂತರ್ ಸಾಕುವ ಹುಡುಗರಿಗೆ ಹೇಳಿದ್ದರೆ ಅವರೇನೂ ಬೆಚ್ಚುತ್ತಿರಲಿಲ್ಲ. ಯಾವ ಗಂಡಿಗೆ ಯಾವ ಹೆಣ್ಣು ಬಿಟ್ಟರೆ ಎಂಥ ಮರಿ ಬರುತ್ತದೆ ಎಂಬ ಲೆಕ್ಕ ಅವರ ಬಾಯಲ್ಲಿರುತ್ತಿತ್ತು.

ಇಂಥ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ಅಮ್ಮಿಯ ತವರು ರಾಮದುರ್ಗ. ಅಲ್ಲಿ ನಾನಾ ಎತ್ತಿನ ವಿಷಯ ತೆಗೆದರೆ ಊಟ ಮರೆಯುತ್ತಿದ್ದರು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಎರೆಭೂಮಿಯಲ್ಲಿ ಒಂದು ಕಾಲಕ್ಕೆ ಕೃಷ್ಣಾ ಕಣಿವೆ ತಳಿಯ ದೈತ್ಯ ಎತ್ತುಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು, ಮುಖ್ಯವಾಗಿ ಸಾಂಗಲಿಯ ಪಟವರ್ಧನರು, ಗುಜರಾತಿನ ಗಿರ್, ಆಂಧ್ರದ ಓಂಗೋಲ್ ಮುಂತಾದ ಹೊರಗಿನ ಹೋರಿಗಳನ್ನು ಸ್ಥಳೀಯ ದನಗಳೊಡನೆ ಕೂಡಿಸಿ ಈ ತಳಿಯನ್ನು ರೂಪಿಸಿದರು. ಮಳೆ ಬಿದ್ದರೆ ಕಾಲು ಹಿಡಿಯುವ ಎರೆಮಣ್ಣಿನಲ್ಲಿ ಭಾರದ ನೇಗಿಲು ಎಳೆಯುವುದಕ್ಕೆ ಅಂಥದೇ ಮೈ ಬೇಕಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಆ ಮೈ ಯಾರಿಗೂ ಬೇಡವಾಯಿತು. ಈಗ ಆ ತಳಿ ಕಾಣುವುದೇ ಅಪರೂಪ. ಮುಧೋಳದ ಬೇಟೆನಾಯಿಯೂ ಹಾಗೇ ಆರಿಸಿ ಆರಿಸಿ ಮಾಡಿದ್ದು. ಆ ನಾಯಿಯ ಚಿತ್ರವಿದ್ದ ಅಂಚೆಚೀಟಿ 2005ರಲ್ಲಿ ಬಂತು. ಕುರಿಗಾರರು ಹಿಂಡಿನಲ್ಲಿ ಯಾವ ಟಗರನ್ನು ಉಳಿಸಿಕೊಳ್ಳುತ್ತಾರೆ, ಯಾವುದನ್ನು ಸಂತೆಗೆ ಹೊಡೆಯುತ್ತಾರೆ ಎಂಬುದರಲ್ಲಿಯೂ ಇದೇ ವಿದ್ಯೆ ಇದೆ.

ಹತ್ತಿಯ ಕಥೆ ಇನ್ನೂ ದೊಡ್ಡದು. ನಮ್ಮ ಸೀಮೆಯ ಜವಾರಿ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದಕ್ಕೇ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎಂದರು. ಮ್ಯಾಂಚೆಸ್ಟರಿನ ಮಗ್ಗಗಳಿಗೆ ಉದ್ದ ಎಳೆ ಬೇಕಾಗಿ 1840ರ ದಶಕದಲ್ಲಿ ಧಾರವಾಡದ ಸುತ್ತ ಅಮೆರಿಕದ ಹತ್ತಿಬೀಜ ಬಿತ್ತಿಸಿದರು. ಅದು ಇಲ್ಲಿಯ ಮಣ್ಣಿಗೆ ಒಗ್ಗಿ ಧಾರವಾಡ-ಅಮೆರಿಕನ್ ಎನಿಸಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಆಮೇಲೆ 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ. ಎಚ್. ಕಟರ್ಕಿ ಅವರು ವರಲಕ್ಷ್ಮಿಯನ್ನು ಕೊಟ್ಟರು. ತಾಯಿ ಲಕ್ಷ್ಮಿ ಎಂಬ ಅಮೆರಿಕನ್ ಕುಲದ ಹತ್ತಿ, ತಂದೆ ಉದ್ದ ಎಳೆಯ ಈಜಿಪ್ಟ್ ಹತ್ತಿಯ ಬಳಗದ್ದು. ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ರೈತರ ಹೊಲಕ್ಕೆ ತಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. 1981ರಲ್ಲಿ ಡಿಸಿಎಚ್-32 ಬಂತು. ಸಂಜೆ ಹೂವಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ಮುಟ್ಟಿಸಿ, ಒಂದೊಂದು ಹೂವಿಗೂ ಕೈಯಿಂದ ಮದುವೆ ಮಾಡಬೇಕು. ಬೀಜದ ಹೊಲಗಳಲ್ಲಿ ಈ 'ಕ್ರಾಸಿಂಗ್' ಕೆಲಸಕ್ಕೆ ಹೆಣ್ಣುಮಕ್ಕಳೇ ಹೆಚ್ಚು ಹೋಗುತ್ತಿದ್ದರು. ಇಂಥ ಬೀಜದ ಗುಣ ಒಂದೇ ತಲೆಮಾರಿಗೆ. ಅದರ ಬೀಜ ಹಿಡಿದು ಮತ್ತೆ ಬಿತ್ತಿದರೆ ಗುಣ ಚೆದುರಿಹೋಗುತ್ತದೆ. ಹಾಗಾಗಿ ಮನೆಯ ಬೀಜ ಬಿತ್ತುತ್ತಿದ್ದ ರೈತ ವರ್ಷವರ್ಷವೂ ಅಂಗಡಿಯ ಮುಂದೆ ನಿಲ್ಲುವವನಾದ.

ಇದೆಲ್ಲ ಮನುಷ್ಯನ ಆಯ್ಕೆ. ಹಾಗಾದರೆ ನಿಸರ್ಗದ ಆಯ್ಕೆ ಎಂದರೇನು? ಉರ್ದುವಿನಲ್ಲಿ ಆಯ್ಕೆಗೆ 'ಇಂತೆಖಾಬ್' ಎನ್ನುತ್ತಾರೆ. ಚುನಾವಣೆಗೂ ಅದೇ ಶಬ್ದ. ಶಬ್ದ ಕೇಳಿದ ಕೂಡಲೆ ಆರಿಸುವವನೊಬ್ಬ ಎದುರಿಗೆ ಕುಳಿತಂತೆ ಆಗುತ್ತದೆ. ನಮಗೆ ಇದರ ಗುಟ್ಟು ಬಿಡಿಸಿದ್ದು ಅಡುಗೆಮನೆ. ಅಮ್ಮಿ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುವುದು ಒಂದು ಬಗೆ. ಅಲ್ಲಿ ಕಣ್ಣಿದೆ, ಕೈ ಇದೆ, ಯಾವುದು ಬೇಕು ಯಾವುದು ಬೇಡ ಎಂಬ ಇಚ್ಛೆ ಇದೆ. ಅದೇ ಅಮ್ಮಿ ಹಿಟ್ಟನ್ನು ಸಾಣಿಗೆಗೆ ಹಾಕಿ ಅಲುಗಿಸಿದಾಗ ನುಣ್ಣನೆಯದು ಕೆಳಗೆ ಬೀಳುತ್ತದೆ, ತೌಡು ಮೇಲೆ ಉಳಿಯುತ್ತದೆ. ಸಾಣಿಗೆಗೆ ಕಣ್ಣಿಲ್ಲ, ಇಚ್ಛೆಯಿಲ್ಲ. ತೂತಿನ ಅಳತೆಯೇ ಅದರ ತೀರ್ಪು.

ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗಕ್ಕೆ ಬಸ್ಸಿನಲ್ಲಿ ಹೋದವರು ಇಂಥದೊಂದು ಸಾಣಿಗೆಯನ್ನು ಕಿಟಕಿಯಲ್ಲೇ ನೋಡಿರುತ್ತಾರೆ. ಕಿತ್ತೂರಿಗೆ ಮಲೆನಾಡಿನ ಸೆರಗಿನ ಮಳೆ, ಅಲ್ಲಿ ಭತ್ತವೂ ಕಾಣುತ್ತದೆ. ಮೂಡಣಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ ಮಣ್ಣು ಕಪ್ಪಾಗುತ್ತದೆ. ರಾಮದುರ್ಗದ ಕಡೆಗೆ ಹೊರಳಿದರೆ ಮುಗಿಲು ನೋಡುವ ಬೇಸಾಯ. ಹಿಂಗಾರಿ ಜೋಳದ ಕಣದಲ್ಲಿ ರೈತ ದಪ್ಪ ತೆನೆ ಆರಿಸಿ ಬೀಜಕ್ಕೆ ಎತ್ತಿಡುತ್ತಾನೆ ನಿಜ. ಆದರೆ ಅವನ ಕೈಗೆ ಬರುವ ಮೊದಲೇ ಬರಗಾಲ ತನ್ನ ಕೆಲಸ ಮುಗಿಸಿರುತ್ತದೆ. ತೇವ ಸಾಲದೆ ಒಣಗಿದ ಗಿಡದಲ್ಲಿ ತೆನೆಯೇ ಇಲ್ಲವಾದ್ದರಿಂದ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಒಂದೇ ಹೊಲದಲ್ಲಿ ಮೊರವೂ ಉಂಟು, ಸಾಣಿಗೆಯೂ ಉಂಟು.

ಇದಕ್ಕೆ ಬೇಕಾದುದು ಮೂರೇ ಸಂಗತಿ. ಒಂದು, ಒಂದೇ ಜಾತಿಯ ಜೀವಿಗಳಲ್ಲೂ ಒಂದರಂತೆ ಒಂದಿಲ್ಲ. ಎರಡು, ಆ ವ್ಯತ್ಯಾಸಗಳಲ್ಲಿ ಕೆಲವು ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತವೆ. ಮೂರು, ಹುಟ್ಟಿದ್ದೆಲ್ಲ ಬದುಕಿ ಮರಿ ಹಾಕುವುದಿಲ್ಲ. ಈ ಮೂರೂ ಇದ್ದಲ್ಲಿ ತಲೆಮಾರಿನಿಂದ ತಲೆಮಾರಿಗೆ ಜೀವಿಗಳ ಗುಂಪು ಬದಲಾಗುತ್ತ ಹೋಗುತ್ತದೆ. ಜೀವಿಗಳ ನಡುವಿನ ಆಹಾರದ ಹೋರಾಟವನ್ನು ಒಂಬತ್ತನೆಯ ಶತಮಾನದಲ್ಲಿ ಬಸ್ರಾದ ಅಲ್ ಜಾಹಿಜ್ ತನ್ನ ಪ್ರಾಣಿಗಳ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅದನ್ನೇ ಡಾರ್ವಿನ್ನನ ಸಿದ್ಧಾಂತ ಎನ್ನುವುದು ನಮ್ಮವರ ಅತಿ ಅಭಿಮಾನ. ಆದರೆ ಪ್ರಾಣಿಯನ್ನು ಕಣ್ಣಿಟ್ಟು ನೋಡುವುದು ನಮ್ಮ ಪರಂಪರೆಗೆ ಪರಕೀಯವಲ್ಲ ಎಂಬುದಕ್ಕಂತೂ ಅದು ಸಾಕ್ಷಿ.

ಇನ್ನು ಮಾಮುವಿನ ಹೊಲಕ್ಕೆ ಬರೋಣ.

ನಮ್ಮ ಮಾಮು, ಅಂದರೆ ಅಮ್ಮಿಯ ತಮ್ಮ, ಸವದತ್ತಿ ತಾಲ್ಲೂಕಿನಲ್ಲಿ ಮಲಪ್ರಭಾ ಕಾಲುವೆಯ ಪಕ್ಕ ನಾಲ್ಕು ಎಕರೆ ಲಾವಣಿಗೆ ಮಾಡುತ್ತಿದ್ದರು. ಹತ್ತಿಗೆ ಹಸಿರು ಕಾಯಿಕೊರಕದ ಕಾಟ ವಿಪರೀತವಾಗಿದ್ದ ಕಾಲ ಅವರಿಗೆ ಚೆನ್ನಾಗಿ ನೆನಪಿತ್ತು. ಯಾವ ಎಣ್ಣೆ ಹೊಡೆದರೂ ಆ ಕೀಡಿ ಸಾಯುತ್ತಿರಲಿಲ್ಲ. 1980ರ ದಶಕದ ಮೊದಲಲ್ಲಿ ಬಂದ ಹೊಸ ಕೀಟನಾಶಕಗಳು 1987ರ ಹೊತ್ತಿಗೇ ಆಂಧ್ರದ ಹತ್ತಿ ಹೊಲಗಳಲ್ಲಿ ಸೋತಿದ್ದವು. 2002ರಲ್ಲಿ ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಿಷಗುಣವನ್ನು ಗಿಡದೊಳಕ್ಕೇ ಸೇರಿಸಿದ ಹತ್ತಿ ಅದು. ಎಲೆ ಅಥವಾ ಕಾಯಿ ಕಡಿದ ಕಾಯಿಕೊರಕ ಸಾಯುತ್ತದೆ. 2006ರಲ್ಲಿ ಎರಡು ವಿಷಗುಣಗಳಿರುವ ಬೀಜವೂ ಬಂತು. ಮಾಮು ಕೆಲವು ವರ್ಷ ಎಣ್ಣೆಯ ಖರ್ಚಿಲ್ಲದೆ ಹತ್ತಿ ಬಿಡಿಸಿದರು, ಮಗಳ ಮದುವೆ ಮಾಡಿದರು, ಒಂದು ಜೋಡಿ ಖಿಲಾರಿ ಎತ್ತು ಕಟ್ಟಿದರು.

2009ರ ಜೂನ್ ತಿಂಗಳು. ಬಿತ್ತನೆಯ ದಿನ ನಾವು ಅಲ್ಲಿದ್ದೆವು. ಬೀಜದ ದೊಡ್ಡ ಪೊಟ್ಟಣದ ತೂಕ 450 ಗ್ರಾಂ. ಅದರ ಜೊತೆಗೆ 120 ಗ್ರಾಮಿನ ಸಣ್ಣದೊಂದು ಪೊಟ್ಟಣ ಇರುತ್ತಿತ್ತು. ಮಾಮು ಅದನ್ನು ನಮ್ಮ ಕೈಗಿತ್ತು, "ತಮ್ಮಾ, ನೀ ಓದಿದಾವ. ಇದೇನ ಬರದಾರ ನೋಡು" ಎಂದರು. ಅದರಲ್ಲಿರುವುದು ಬಿಟಿ ಇಲ್ಲದ ಹತ್ತಿಬೀಜವೆಂದೂ, ಹೊಲದ ಸುತ್ತ ಐದು ಸಾಲು ಇಲ್ಲವೆ ಹೊಲದ ಶೇಕಡಾ 20ರಷ್ಟು ಜಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಅದನ್ನು ಬಿತ್ತಬೇಕೆಂದೂ ಬರೆದಿತ್ತು. ನಾವು ಓದಿ ಹೇಳಿದೆವು.

"ಬಿಟಿ ಇಲ್ಲಂದ್ರ ಅದಕ್ಕ ಕೀಡಿ ಬೀಳತೈತಲ್ಲ?"

"ಹೌದ್ರಿ ಮಾಮು, ಬೀಳತೈತಿ."

"ಹಂಗಾರ ನಾ ರೊಕ್ಕಾ ಕೊಟ್ಟು ಕೀಡಿ ಸಾಕಬೇಕೇನು?"

ನಾವು ನಕ್ಕೆವು. ಬಿ.ಎ. ಮುಗಿಸಿದ್ದ, ಒಂದೆರಡು ಕಥೆ ಪತ್ರಿಕೆಯಲ್ಲಿ ಬಂದಿದ್ದ, ಊರಿನಲ್ಲಿ ತಿಳಿದವರೆನಿಸಿಕೊಂಡಿದ್ದ ನಾವು, "ಸರಕಾರದ್ದು ಏನರ ಒಂದು ಕಾನೂನು ಇರತೈತಿ, ಬಿಡ್ರಿ ಮಾಮು" ಎಂದೆವು. ಸುತ್ತಲಿನ ಹೊಲದವರೂ ಬಿತ್ತಿರಲಿಲ್ಲ. ಮಾಮು ಸಣ್ಣ ಪೊಟ್ಟಣವನ್ನು ಎಸೆಯಲಿಲ್ಲ, ಬೀಜವನ್ನು ಎಸೆಯುವುದು ಅವರ ಕೈಗೆ ಬರುವ ಕೆಲಸವಲ್ಲ. ಮನೆಗೆ ಒಯ್ದು ಕಾಗದಪತ್ರದ ಟ್ರಂಕಿನಲ್ಲಿಟ್ಟರು. ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ.

2010ರಲ್ಲಿ ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಗೆಯ ಬಿಟಿ ಹತ್ತಿಗೆ ಜಗ್ಗುತ್ತಿಲ್ಲ ಎಂದು ಆ ತಂತ್ರಜ್ಞಾನ ಕೊಟ್ಟವರೇ ಒಪ್ಪಿಕೊಂಡರು. ಕೆಲವೇ ವರ್ಷಗಳಲ್ಲಿ ಎರಡು ವಿಷಗುಣದ ಹತ್ತಿಯೂ ಅದರ ಮುಂದೆ ಸೋತಿತು. ಮಾಮುವಿನ ಹೊಲದಲ್ಲಿ ಅದು ಗೊತ್ತಾದದ್ದು 2017ರಲ್ಲಿ. ಗಿಡ ಎದೆಯೆತ್ತರ, ಕಾಯಿ ತುಂಬ, ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲ. ಈ ಹುಳದ ಮೋಸವೇ ಅದು. ಸಣ್ಣ ಮರಿಯಾಗಿದ್ದಾಗಲೇ ಎಳೆಗಾಯಿಯೊಳಗೆ ಹೊಗುತ್ತದೆ, ಹೊಕ್ಕ ತೂತು ಮುಚ್ಚಿಹೋಗುತ್ತದೆ, ಒಳಗೆ ಕುಳಿತು ಬೀಜ ತಿನ್ನುತ್ತದೆ. ಕಾಯಿ ಅರಳುವ ಹೊತ್ತಿಗೆ ಅರ್ಧ ತೊಳೆ ಅರಳಿ ಅರ್ಧ ಗಟ್ಟಿಯಾಗಿ ನಿಂತಿತು. ಅರಳಿದ ಹತ್ತಿಯೂ ಹಳದಿ, ಕಲೆ. ಮಾಮು ಒಂದು ಹಿಡಿ ತಂದು ಅಬ್ಬಾನ ಮುಂದೆ ಇಟ್ಟರು. ಅಬ್ಬಾ ಎಂದಿನಂತೆ ಚಿಟಿಕೆ ಹಿಡಿದು ಜಗ್ಗಿದರು. ಎಳೆ ಬರಲಿಲ್ಲ, ಪುಡಿಯಂತೆ ಉದುರಿತು. ಅಬ್ಬಾ ಏನೂ ಅನ್ನಲಿಲ್ಲ, ಚಹಾ ತರಲು ಹೇಳಿದರು. ಆ ದೀಪಾವಳಿ ಕಳೆದ ಮೇಲೆ ಖಿಲಾರಿ ಜೋಡಿ ಸಂತೆಗೆ ಹೋಯಿತು.

ಊರಿನಲ್ಲಿ ಎಲ್ಲರೂ ಒಂದೇ ಮಾತು ಆಡಿದರು: "ಹುಳಕ್ಕ ವಿಷ ರೂಢಿ ಆಗೇತಿ." ನಾವೂ ಹಾಗೇ ಅಂದುಕೊಂಡಿದ್ದೆವು, ಕುಡುಕನಿಗೆ ಸೆರೆ ರೂಢಿಯಾಗುವ ಹಾಗೆ. ಮರುವರ್ಷ ಧಾರವಾಡದ ಕೃಷಿ ಮೇಳದಲ್ಲಿ ಕೀಟಗಳ ಮಳಿಗೆಯಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಆ ತಪ್ಪು ಬಿಡಿಸಿದಳು. "ರೂಢಿ ಆಗಿಲ್ರಿ ಸರ್. ಯಾವ ಹುಳಕ್ಕೂ ವಿಷ ತಿಂದು ರೂಢಿ ಆಗಲಿಲ್ಲ. ತಿಂದದ್ದೆಲ್ಲ ಸತ್ತವು. ಮೊದಲಿನಿಂದಲೂ ಬೇರೆಯಾಗಿದ್ದ ನಾಲ್ಕಾರು ಉಳಿದವು. ಈಗ ಇರೋವೆಲ್ಲ ಅವುಗಳ ಮಕ್ಕಳು" ಎಂದಳು.

ನಾವು ಅಲ್ಲೇ ಕುಳಿತು ಕೇಳಿದೆವು. ಒಂದು ಸೀಮೆಯಲ್ಲಿ ಕೋಟಿ ಹುಳ ಇವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಬೆರಳೆಣಿಕೆಯವು, ಬಿಟಿ ಬರುವ ಮುಂಚಿನಿಂದಲೇ, ಆ ವಿಷ ನಾಟದ ಮೈಕಟ್ಟಿನವು. ಅದರಿಂದ ಅವಕ್ಕೆ ಅಲ್ಲಿಯವರೆಗೆ ಲಾಭವೇನೂ ಇರಲಿಲ್ಲ. ಎಲ್ಲ ಹೊಲಕ್ಕೂ ಬಿಟಿ ಹತ್ತಿ ಬಿದ್ದ ದಿನ ಸಾಣಿಗೆಯ ತೂತು ಬದಲಾಯಿತು. ಕೋಟಿ ಸತ್ತವು, ಬೆರಳೆಣಿಕೆಯವು ಉಳಿದವು. ಉಳಿದ ಗಂಡಿಗೆ ಉಳಿದ ಹೆಣ್ಣೇ ಜೋಡಿ. ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಕಾಲುವೆ ನೀರಿದೆಯೆಂದು ಫೆಬ್ರುವರಿವರೆಗೆ ಹತ್ತಿ ನಿಲ್ಲಿಸಿಕೊಂಡ ಹೊಲದಲ್ಲಿ ಅದಕ್ಕೆ ಇನ್ನೂ ಒಂದೆರಡು ತಲೆಮಾರು ಉಚಿತ.

ಸಣ್ಣ ಪೊಟ್ಟಣ ಇದ್ದದ್ದು ಈ ಜೋಡಿ ತಪ್ಪಿಸುವುದಕ್ಕೆ. ವಿಷ ನಾಟದ ಆ ಗುಣ ಪೂರ್ತಿ ಕೆಲಸ ಮಾಡಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ಸುತ್ತಲಿನ ಐದು ಸಾಲು ಸಾದಾ ಹತ್ತಿಯಲ್ಲಿ ಸಾವಿರಾರು ಸಾದಾ ಹುಳ ಬದುಕಿರುತ್ತವೆ. ಬಿಟಿ ಗಿಡದಲ್ಲಿ ಉಳಿದ ಒಂದು ಗಟ್ಟಿ ಹುಳ ಪತಂಗವಾಗಿ ಹಾರಿದಾಗ ಅದಕ್ಕೆ ಇಂಥ ಸಾದಾ ಜೋಡಿ ಸಿಗುವ ಸಂಭವವೇ ಹೆಚ್ಚು. ಅವುಗಳ ಮರಿಗಳಲ್ಲಿ ಆ ಗುಣ ಅರ್ಧವಾಗಿ, ಬಿಟಿ ಗಿಡ ತಿಂದು ಸಾಯುತ್ತವೆ. ಮಾಮು ಕೇಳಿದ್ದು ಸರಿಯಾದ ಪ್ರಶ್ನೆಯೇ. ಹೌದು, ರೊಕ್ಕ ಕೊಟ್ಟು ಕೀಡಿ ಸಾಕಬೇಕಾಗಿತ್ತು. ಹಸಿರು ಕಾಯಿಕೊರಕ ತೊಗರಿ, ಕಡಲೆ, ಜೋಳ ಎಲ್ಲ ತಿನ್ನುವುದರಿಂದ ನಮ್ಮ ಎರೆಹೊಲಗಳೇ ಅದಕ್ಕೆ ಐದು ಸಾಲಾಗಿದ್ದವು, ಅದು ಬಿಟಿಯ ಮುಂದೆ ಅಷ್ಟು ಬೇಗ ಗೆಲ್ಲಲಿಲ್ಲ. ಗುಲಾಬಿ ಹುಳಕ್ಕೆ ಬೆಂಡೆಯಂಥ ಒಂದೆರಡು ಬಿಟ್ಟರೆ ಹತ್ತಿಯೇ ಅನ್ನ. ಅದಕ್ಕಾಗಿ ನಾವು ಸಾದಾ ಹತ್ತಿ ಬಿಡಲಿಲ್ಲ.

ಬಿಟ್ಟವರೂ ಇದ್ದಾರೆ. ಅಮೆರಿಕದ ಅರಿಜೋನಾದ ರೈತರು ನಿಯಮದಂತೆ ಸಾದಾ ಹತ್ತಿ ಬಿತ್ತಿ, ಆಮೇಲೆ ಸಂತಾನಶಕ್ತಿ ಇಲ್ಲದ ಪತಂಗಗಳನ್ನು ಹೊಲಗಳ ಮೇಲೆ ಬಿಡಿಸಿ, ಹುಳವನ್ನು ಹಣಿದರು. 2018ರಲ್ಲಿ ಅಲ್ಲಿಯ ಸರ್ಕಾರ ದೇಶದ ಹತ್ತಿ ಹೊಲಗಳಿಂದ ಗುಲಾಬಿ ಹುಳ ನಿರ್ಮೂಲವಾಯಿತೆಂದು ಘೋಷಿಸಿತು. ಈ ಹುಳಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 1843ರಲ್ಲಿ, ನಮ್ಮದೇ ದೇಶದ ಭರೂಚಿನ ಹತ್ತಿಯಲ್ಲಿ ಸಿಕ್ಕ ಮಾದರಿಯಿಂದ. ಅಲ್ಲಿಯ ಹೊಲ ಬಿಟ್ಟುಹೋದ ಹುಳ ನಮ್ಮಲ್ಲಿ ಇನ್ನೂ ಇದೆ. ನಮ್ಮ ರೈತನಿಗೆ ಬುದ್ಧಿಯಿಲ್ಲ ಎಂದು ಇದಕ್ಕೆ ಅರ್ಥವಲ್ಲ. ನಾಲ್ಕು ಎಕರೆಯವನಿಗೆ ಐದು ಸಾಲು ಬಿಡುವುದು ನೂರಾರು ಎಕರೆಯವನಿಗೆ ಬಿಟ್ಟಷ್ಟು ಸುಲಭವಲ್ಲ. ಅದಕ್ಕಿಂತ ಮುಖ್ಯವಾಗಿ, ಏಕೆ ಬಿಡಬೇಕೆಂದು ಅವನಿಗೆ ಅವನ ಮಾತಿನಲ್ಲಿ ಹೇಳಿದವರು ಯಾರು? ಮಾಮು ಕೇಳಿದ್ದು ನಮ್ಮನ್ನು. ನಾವು ನಕ್ಕೆವು.

ಹೊಲದಲ್ಲಿ ಸಾದಾ ಹುಳ ಇರಗೊಡದೆ ನಾವು ಗಟ್ಟಿ ಹುಳದ ತಳಿ ಕಟ್ಟಿದೆವು. ನಾನಾನ ಕಾಲದವರು ಎತ್ತನ್ನು ಆರಿಸಿದಷ್ಟೇ ನಿಖರವಾಗಿ ನಾವು ಹುಳವನ್ನು ಆರಿಸಿದೆವು. ವ್ಯತ್ಯಾಸ ಇಷ್ಟೇ, ಅವರಿಗೆ ತಾವು ಮಾಡುತ್ತಿರುವುದು ಗೊತ್ತಿತ್ತು.

ತಳಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಆಪಾಗೆ ಗಂಡು ನೋಡುವಾಗ ಒಂದು ಮನೆಯವರು ಎಲ್ಲ ಒಪ್ಪಿ ಕೊನೆಗೆ, "ಹುಡುಗಿ ಛಲೋ ಅದಾಳ, ಆದ್ರ ನಸ್ಲ್ ಸೈತ ನೋಡಬೇಕಲ್ಲ" ಎಂದು ಹೇಳಿ ಕಳಿಸಿದರು. ಪಿಂಜಾರರ ಮನೆ ಎಂಬುದು ಅದರ ಅರ್ಥ. ನಮ್ಮಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯಲ್ಲಿ ಹೇಳುತ್ತೇವೆ, ಸಂಬಂಧ ನೋಡುವಾಗ ಎತ್ತಿನ ಸಂತೆಯ ಶಬ್ದ ಬಳಸುತ್ತೇವೆ. ಕನ್ನಡದ 'ಜಾತಿ' ಶಬ್ದವೂ ಹಾಗೆಯೇ, ದನಕ್ಕೂ ಅದೇ ಜನಕ್ಕೂ ಅದೇ. ತಳಿಶುದ್ಧಿ ಎಂದರೆ ಸಾಕುವವನ ಯಾವುದೋ ಒಂದು ಬೇಡಿಕೆಗೆ ತಕ್ಕಂತೆ ಉಳಿದ ಗುಣಗಳನ್ನು ಬದಿಗಿಟ್ಟದ್ದು. ಮುಧೋಳದ ನಾಯಿ ಓಡಲಿ ಎಂದು ಆರಿಸಿದರು, ಅದು ಓಡುತ್ತದೆ. ಕೃಷ್ಣಾ ಕಣಿವೆಯ ಎತ್ತು ಎಳೆಯಲಿ ಎಂದು ಆರಿಸಿದರು, ಎಳೆಯುವ ಕೆಲಸ ಮುಗಿದ ಕೂಡಲೆ ಅದು ಬೀದಿಗೆ ಬಿತ್ತು. ಮನುಷ್ಯರನ್ನೂ ಹೀಗೆ ಆರಿಸಬೇಕೆಂದು ಹೊರಟವರು ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಎಲ್ಲಿಗೆ ಮುಟ್ಟಿದರು ಎಂಬುದು ಎಲ್ಲರಿಗೂ ಗೊತ್ತಿದೆ. ಮಳೆ ಬದಲಾದಾಗ, ರೋಗ ಬಂದಾಗ ಯಾವ ಗುಣ ಕೆಲಸಕ್ಕೆ ಬರುತ್ತದೆ ಎಂದು ಮೊದಲೇ ಹೇಳಬಲ್ಲವರಿಲ್ಲ. ಅದಕ್ಕೆ ಎಲ್ಲ ಬಗೆಯವೂ ಇರಬೇಕು. ಬದುಕುಳಿಯುವುದು ಬಲಿಷ್ಠವಾದುದು ಎಂದು ಜನ ಡಾರ್ವಿನ್ನನ ಹೆ‌ಸರಿನಲ್ಲಿ ಹೇಳುವುದುಂಟು. ಆ ಕಾಲಕ್ಕೆ, ಆ ಜಾಗಕ್ಕೆ ಹೊಂದಿದ್ದು ಉಳಿಯುತ್ತದೆ ಎಂಬಷ್ಟೇ ಅದರ ಅರ್ಥ. ಗಾದಿಗೆ ಜವಾರಿ, ಅರಿವೆಗೆ ವರಲಕ್ಷ್ಮಿ.

2023ರಲ್ಲಿ ಒಂದು ಸುದ್ದಿ ಓದಿದೆವು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂದಿದ್ದ ಅಧ್ಯಾಯದಿಂದ ವಿಕಾಸ ಹೋಗಿ ಅನುವಂಶೀಯತೆ ಮಾತ್ರ ಉಳಿದಿತ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಆಕ್ಷೇಪಿಸಿ ಬಹಿರಂಗ ಪತ್ರ ಬರೆದರು. ಮಕ್ಕಳ ಹೊರೆ ಇಳಿಸಲು ಹಾಗೆ ಮಾಡಿದ್ದು, ಹನ್ನೆರಡನೆಯ ತರಗತಿಯಲ್ಲಿ ಆ ಪಾಠ ಇದೆಯಲ್ಲ ಎಂಬುದು ಅದಕ್ಕೆ ಬಂದ ಉತ್ತರ. ಇದೆ ನಿಜ, ಜೀವಶಾಸ್ತ್ರ ತೆಗೆದುಕೊಂಡವರಿಗೆ. ಹತ್ತನೆಯದಕ್ಕೆ ಶಾಲೆ ಬಿಟ್ಟು ಹೊಲಕ್ಕೆ ಹೋಗುವ ಹುಡುಗನಿಗೆ, ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹುಡುಗಿಗೆ ಅದು ಸಿಗುವುದಿಲ್ಲ. ಡಾಕ್ಟರಾಗುವವರಿಗಿಂತ ಮೊದಲು ಆ ಪಾಠ ಬೇಕಾದದ್ದು ಅವರಿಗೆ. ಅಮೀಬಾದಿಂದ ಮನುಷ್ಯನವರೆಗಿನ ಚಿತ್ರ ಬೇಡ, ನಂಬು ಬಿಡು ಎಂಬ ಜಗಳವೂ ಬೇಡ. ಕೋಟಿ ಸತ್ತು ನಾಲ್ಕು ಉಳಿದರೆ ಮುಂದಿನ ವರ್ಷ ಹೊಲದಲ್ಲಿ ಯಾರ ಮಕ್ಕಳಿರುತ್ತಾರೆ ಎಂಬ ಒಂದು ಲೆಕ್ಕ ಕಲಿಸಿದರೆ ಸಾಕು. ಅರ್ಧಕ್ಕೆ ಬಿಟ್ಟ ಆ್ಯಂಟಿಬಯೋಟಿಕ್ ಮಾತ್ರೆಗೂ ಆ ಲೆಕ್ಕ ಕೆಲಸಕ್ಕೆ ಬರುತ್ತದೆ.

ಮಾಮು ಈಗ ಹತ್ತಿ ಬಿತ್ತುವುದಿಲ್ಲ. ಒಂದು ವರ್ಷ ಗೋವಿನಜೋಳ, ಒಂದು ವರ್ಷ ಕಡಲೆ. ಕಳೆದ ರಮಜಾನಿನಲ್ಲಿ ಲಾವಣಿಯ ಕಾಗದ ಹುಡುಕಲು ಅವರ ಟ್ರಂಕು ತೆಗೆದೆವು. ತಳದಲ್ಲಿ ಸಣ್ಣ ಪೊಟ್ಟಣಗಳು ಒಂದರ ಮೇಲೊಂದು ಇದ್ದವು. ಎಣಿಸಿದೆವು, ಹದಿನೇಳು. ಬೀಜಕ್ಕೆ ಹಚ್ಚಿದ ಔಷಧದ ಬಣ್ಣ ಹೋಗಿರಲಿಲ್ಲ. ಅವು ಯಾತಕ್ಕೆಂದು ನಾವು ಆ ದಿನ ಮಾಮುವಿಗೆ ಹೇಳಿದೆವು. ಸಾಣಿಗೆಯ ಮಾತು, ಗಂಡುಹೆಣ್ಣಿನ ಜೋಡಿಯ ಮಾತು ಎಲ್ಲ ಹೇಳಿದೆವು. ಅವರು ನಡುವೆ ಒಂದೂ ಪ್ರಶ್ನೆ ಕೇಳದೆ ಕೇಳಿಸಿಕೊಂಡರು. ಆಮೇಲೆ ಒಂದು ಪೊಟ್ಟಣ ಹರಿದು ನಾಲ್ಕು ಬೀಜ ಅಂಗೈಗೆ ಸುರಿದುಕೊಂಡು, "ಇವು ಈಗ ಹುಟ್ಟಂಗಿಲ್ಲ ಬಿಡು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಂದರು: "ಅವತ್ತ ಇಷ್ಟ ಹೇಳಿದ್ದಿದ್ರ ತಿಳೀತಿತ್ತಲ್ಲ ತಮ್ಮಾ. ಇದರಾಗ ತಿಳೀಲಾರದ್ದ ಏನೈತಿ?"